ಪರದೆಯ ಮೇಲೆ ಎಲ್ಲರ ಗುರುತು

ಆನ್‌ಲೈನ್ ತರಬೇತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರವಿರುವುದು ಮಾತಿನ ಸರದಿಗೆ. ನಲವತ್ತು ಶಿಬಿರಾರ್ಥಿಗಳು ಒಂದು ಸಭಾಂಗಣದಲ್ಲಿ ಕುಳಿತಿದ್ದರೆ ಅವರು ಪಕ್ಕದವರೊಡನೆ ಪಿಸುಗುಟ್ಟಿ ಅನುಮಾನ ಬಗೆಹರಿಸಿಕೊಳ್ಳುತ್ತಾರೆ, ತಲೆದೂಗುತ್ತಾರೆ, ಅರ್ಥವಾಗದಿದ್ದರೆ ಹುಬ್ಬು ಗಂಟಿಕ್ಕುತ್ತಾರೆ. ಸಂಪನ್ಮೂಲ ವ್ಯಕ್ತಿಯು ಇವೆಲ್ಲವನ್ನೂ ಒಂದೇ ನೋಟದಲ್ಲಿ ಗ್ರಹಿಸಿ ಪಾಠದ ಗತಿಯನ್ನು ಹೊಂದಿಸಿಕೊಳ್ಳುತ್ತಾರೆ. ಅದೇ ನಲವತ್ತು ಮಂದಿ ಜೂಮ್ ಅಥವಾ ಗೂಗಲ್ ಮೀಟ್‌ನಲ್ಲಿ ಸೇರಿದಾಗ ಒಂದು ಹೊತ್ತಿಗೆ ಒಬ್ಬರ ಧ್ವನಿಗಷ್ಟೇ ಎಡೆಯಿರುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕಲಸಿಹೋಗುವುದರಿಂದ ಉಳಿದವರು ಮೈಕ್ ಮುಚ್ಚಿ, ಬಹುಮಟ್ಟಿಗೆ ಕ್ಯಾಮೆರಾವನ್ನೂ ಮುಚ್ಚಿ, ಬರಿಯ ಕೇಳುಗರಾಗಿಬಿಡುತ್ತಾರೆ. ಒಂದು ಗಂಟೆಯನ್ನು ನಲವತ್ತು ಮಂದಿಗೆ ಸಮನಾಗಿ ಹಂಚಿದರೂ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೂವರೆ ನಿಮಿಷ, ಅದೂ ಬೋಧಿಸುವವರು ಒಂದು ಮಾತನ್ನೂ ಆಡದಿದ್ದರೆ ಮಾತ್ರ.

ಈ ಇಕ್ಕಟ್ಟಿನಿಂದ ಹೊರಬರಲು ಇರುವ ದಾರಿಗಳಲ್ಲಿ ಸಾಮೂಹಿಕ ಟಿಪ್ಪಣಿ, ಅಂದರೆ ತಂತ್ರಾಂಶಗಳ ಪರಿಭಾಷೆಯಲ್ಲಿ ಅನೊಟೇಶನ್ ಎಂದು ಕರೆಯುವ ಸೌಲಭ್ಯ, ಮುಖ್ಯವಾದದ್ದು. ಎಲ್ಲರಿಗೂ ಕಾಣುತ್ತಿರುವ ಒಂದೇ ಸ್ಲೈಡ್, ನಕ್ಷೆ ಅಥವಾ ಪುಟದ ಮೇಲೆ ಎಲ್ಲರೂ ಏಕಕಾಲದಲ್ಲಿ ಗೆರೆ ಎಳೆಯುವುದು, ಮುದ್ರೆ ಒತ್ತುವುದು, ಅಂಚಿನಲ್ಲಿ ಬರೆಯುವುದು ಇದರ ತಿರುಳು. ಮಾತಿಗೆ ಸಮಯ ಬೇಕು, ಗುರುತಿಗೆ ಜಾಗ ಸಾಕು. ನಲವತ್ತು ಉತ್ತರಗಳನ್ನು ಒಂದಾದ ಮೇಲೊಂದು ಕೇಳಿಸಿಕೊಳ್ಳಲು ಅವಧಿಯೆಲ್ಲ ಮುಗಿದುಹೋಗುವಾಗ, ಅದೇ ನಲವತ್ತು ಗುರುತುಗಳು ಅರ್ಧ ನಿಮಿಷದಲ್ಲಿ ಪುಟದ ಮೇಲೆ ಅಕ್ಕಪಕ್ಕ ಬಂದು ಕೂರುತ್ತವೆ; ಅಷ್ಟೇ ಅಲ್ಲದೆ ಅವು ಎಲ್ಲಿ ಗುಂಪುಗೂಡಿವೆ, ಎಲ್ಲಿ ಚದುರಿವೆ ಎಂಬುದು ತರಗತಿಯ ತಿಳಿವಳಿಕೆಯ ಚಿತ್ರವಾಗಿ ಬೋಧಿಸುವವರ ಕಣ್ಣಿಗೆ ಬೀಳುತ್ತದೆ.

ಈ ಸಾಧನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಜೂಮ್, ವೆಬೆಕ್ಸ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದವುಗಳಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ಅದರ ಮೇಲೆ ಪಾರದರ್ಶಕ ಹಾಳೆಯೊಂದನ್ನು ಹೊದಿಸಿದಂತೆ ಗುರುತು ಮಾಡಲು ಬಿಡುವ ಸೌಲಭ್ಯ ಮೊದಲನೆಯದು. ಎಲ್ಲರೂ ಸೇರಿ ತುಂಬಬಹುದಾದ ಖಾಲಿ ಹಲಗೆ, ಅಂದರೆ ವೈಟ್‌ಬೋರ್ಡ್, ಎರಡನೆಯದು. ಬೋಧನೆಗೆಂದೇ ರೂಪುಗೊಂಡ ಮುಕ್ತ ತಂತ್ರಾಂಶವಾದ ಬಿಗ್‌ಬ್ಲೂಬಟನ್‌ನಲ್ಲಿ ಶಿಕ್ಷಕರು ಒಂದು ಗುಂಡಿ ಒತ್ತಿ ಈ ಹಲಗೆಯನ್ನು ಇಡೀ ತರಗತಿಗೆ ಬಿಟ್ಟುಕೊಡಬಹುದು. ಹೈಪಾಥಿಸಿಸ್, ಪೆರೂಸಾಲ್ ಮುಂತಾದ ತಂತ್ರಾಂಶಗಳು ಮೂರನೆಯ ಬಗೆಯವು. ಇಲ್ಲಿ ಓದುಗರು ಪಠ್ಯದ ನಿರ್ದಿಷ್ಟ ಸಾಲನ್ನು ಆರಿಸಿ ಅದರ ಅಂಚಿನಲ್ಲಿ ಪ್ರಶ್ನೆಯನ್ನೋ ಆಕ್ಷೇಪವನ್ನೋ ಬರೆಯುತ್ತಾರೆ, ಇತರರು ತಮಗೆ ಬಿಡುವಾದಾಗ ಅದಕ್ಕೆ ಉತ್ತರಿಸುತ್ತಾರೆ. ಮೊದಲೆರಡು ಬಗೆಗಳು ಅಧಿವೇಶನ ನಡೆಯುತ್ತಿರುವಾಗಿನ ಬಳಕೆಗೂ ಮೂರನೆಯದು ಅಧಿವೇಶನಕ್ಕೆ ಮುಂಚಿನ ಮತ್ತು ಅನಂತರದ ಓದಿಗೂ ಹೆಚ್ಚು ಒಪ್ಪುತ್ತವೆ.

ಅರ್ಧ ಶತಮಾನದ ಹಿನ್ನೆಲೆ

ದೂರದಲ್ಲಿರುವ ಇಬ್ಬರು ಒಂದೇ ಪುಟವನ್ನು ನೋಡುತ್ತ ಅದರ ಮೇಲೆ ಬೆರಳಿಟ್ಟು ತೋರಿಸುವಂತಾಗಬೇಕೆಂಬ ಕಲ್ಪನೆ ಇಂಟರ್ನೆಟ್ಟಿಗಿಂತ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ನಡೆಸಿಕೊಟ್ಟ ಪ್ರಾತ್ಯಕ್ಷಿಕೆಯು ಮೌಸ್‌ನ ಸಾರ್ವಜನಿಕ ಪರಿಚಯಕ್ಕಾಗಿ ಪ್ರಸಿದ್ಧವಾಗಿದೆಯಾದರೂ, ವೇದಿಕೆಯಲ್ಲಿದ್ದ ಅವರೂ ಮೆನ್ಲೋ ಪಾರ್ಕ್‌ನ ಪ್ರಯೋಗಾಲಯದಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಅವರೂ ಒಂದೇ ಪಠ್ಯವನ್ನು ತಮ್ಮ ತಮ್ಮ ಪರದೆಗಳಲ್ಲಿ ನೋಡುತ್ತ, ತಮ್ಮ ತಮ್ಮ ಸೂಚಕಗಳನ್ನು ಅದರ ಮೇಲೆ ಆಡಿಸುತ್ತ ಮಾತನಾಡಿದ್ದು ಆ ದಿನದ ಇನ್ನೊಂದು ದೊಡ್ಡ ಸಾಧನೆ. 1980ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ ಮಾರ್ಕ್ ಸ್ಟೆಫಿಕ್ ಮತ್ತು ಸಂಗಡಿಗರು ಕೊಲ್ಯಾಬ್ ಎಂಬ ಸಭಾಕೊಠಡಿಯನ್ನು ರೂಪಿಸಿ, ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಂಪ್ಯೂಟರ್ ಕೊಟ್ಟು, ಎಲ್ಲರೂ ಒಂದೇ ದೃಶ್ಯವನ್ನು ಕಾಣುತ್ತ ಅದನ್ನು ಒಟ್ಟಾಗಿ ತಿದ್ದುವ ಪ್ರಯೋಗ ನಡೆಸಿದರು. ಸೀಮೆಸುಣ್ಣದ ಹಲಗೆಯ ಮುಂದೆ ಒಬ್ಬರೇ ನಿಲ್ಲಬೇಕಾದ ಮಿತಿಯನ್ನು ಮೀರುವುದು ಆ ಪ್ರಯೋಗದ ಘೋಷಿತ ಗುರಿಯಾಗಿತ್ತು.

ಕರ್ನಾಟಕದ ಮಟ್ಟಿಗೆ ದೂರ ತರಬೇತಿಯ ಇತಿಹಾಸ ಉಪಗ್ರಹದ ಮೂಲಕ ಸಾಗುತ್ತದೆ. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಬಳಿಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಆರಂಭಿಕ ಪ್ರಯೋಗಕ್ಕೆ ಆಯ್ಕೆಯಾದವು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಗ್ರಾಮ ಪಂಚಾಯಿತಿ ಸದಸ್ಯರಿಗೆ ಸ್ಯಾಟ್‌ಕಾಂ, ಅಂದರೆ ಉಪಗ್ರಹ ಸಂಪರ್ಕದ ಮೂಲಕ ತರಬೇತಿ ನೀಡಿತು. ಇಂತಹ ವ್ಯವಸ್ಥೆಗಳಲ್ಲಿ ರೂಢಿಯಲ್ಲಿದ್ದ ಕ್ರಮವೆಂದರೆ ಚಿತ್ರ ಒಂದು ದಿಕ್ಕಿಗೆ, ಧ್ವನಿ ಎರಡು ದಿಕ್ಕಿಗೆ: ಸ್ಟುಡಿಯೋದಲ್ಲಿರುವವರನ್ನು ಎಲ್ಲರೂ ನೋಡುತ್ತಾರೆ, ಪ್ರಶ್ನೆಯಿದ್ದವರು ದೂರವಾಣಿ ಕರೆ ಮಾಡುತ್ತಾರೆ. ಸಾವಿರಾರು ಮಂದಿಯನ್ನು ಒಮ್ಮೆಗೇ ತಲುಪುವ ಆ ಶಕ್ತಿ ಸಣ್ಣದಲ್ಲ. ಆದರೆ ಕಲಿಯುವವರ ಕೈಗೆ ಪುಟ ಸಿಗುತ್ತಿರಲಿಲ್ಲ. ಈಗಿನ ಸಾಧನಗಳು ತಂದಿರುವ ನಿಜವಾದ ಬದಲಾವಣೆ ಇಲ್ಲಿದೆ, ಮತ್ತು ಹೊಸ ಸಾಧನವಿದ್ದರೂ ಸಂಪನ್ಮೂಲ ವ್ಯಕ್ತಿಗಳು ಒಂದು ಗಂಟೆ ಸ್ಲೈಡ್ ಓದಿ ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಆಗುವುದು ಉಪಗ್ರಹ ಕಾಲದ ಕ್ರಮದ ಪುನರಾವರ್ತನೆಯೇ.

ಗುರುತು ಕೂರುವ ಬಗೆ

ಪರದೆಯ ಮೇಲಿನ ಗೆರೆಯು ಚಿತ್ರವಾಗಿ ಅಲ್ಲ, ಬಿಂದುಗಳ ಪಟ್ಟಿಯಾಗಿ ಪ್ರಯಾಣ ಮಾಡುತ್ತದೆ. ಒಬ್ಬರು ವೃತ್ತ ಬರೆದರೆ ಅವರ ಬೆರಳು ಅಥವಾ ಮೌಸ್ ಹಾದುಹೋದ ಸ್ಥಾನಗಳು, ಬಣ್ಣ ಮತ್ತು ದಪ್ಪ ಇಷ್ಟೇ ಮಾಹಿತಿ ಸರ್ವರ್‌ಗೆ ಹೋಗಿ, ಉಳಿದವರ ಸಾಧನಗಳು ಆ ಮಾಹಿತಿಯಿಂದ ವೃತ್ತವನ್ನು ಹೊಸದಾಗಿ ಬಿಡಿಸಿಕೊಳ್ಳುತ್ತವೆ. ವಿಡಿಯೋದ ಒಂದು ಸೆಕೆಂಡಿಗೆ ಬೇಕಾಗುವ ಡೇಟಾಕ್ಕೆ ಹೋಲಿಸಿದರೆ ಇದು ಅತ್ಯಲ್ಪವಾದ್ದರಿಂದ, ನೆಟ್‌ವರ್ಕ್ ದುರ್ಬಲವಾಗಿರುವ ಊರಿನಿಂದ ಸೇರಿದವರು ತಮ್ಮ ಕ್ಯಾಮೆರಾ ಮುಚ್ಚಿಕೊಂಡೇ ಗುರುತು ಹಾಕಬಹುದು. ಇಬ್ಬರು ಏಕಕಾಲದಲ್ಲಿ ಒಂದೇ ಸಾಲನ್ನು ತಿದ್ದಿದಾಗ ಎಲ್ಲರ ಪ್ರತಿಗಳೂ ಕೊನೆಗೆ ಒಂದೇ ಆಗುವಂತೆ ನೋಡಿಕೊಳ್ಳುವ ವಿಧಾನಗಳನ್ನು ಗಣಕವಿಜ್ಞಾನಿಗಳು 1989ರಿಂದೀಚೆಗೆ ಬೆಳೆಸಿಕೊಂಡು ಬಂದಿದ್ದಾರೆ. ಗುರುತು ಸೇರಿಸುವ ಕೆಲಸದಲ್ಲಿ ಇಂತಹ ತಿಕ್ಕಾಟ ಕಡಿಮೆ, ಅಳಿಸುವ ಕೆಲಸದಲ್ಲಿ ಹೆಚ್ಚು. ಆದ್ದರಿಂದ ತಮ್ಮ ಗುರುತನ್ನು ತಾವು ಮಾತ್ರ ಅಳಿಸಬೇಕು, ಎಲ್ಲವನ್ನೂ ಒರೆಸುವ ಅಧಿಕಾರ ಹೋಸ್ಟ್‌ಗೆ ಇರಬೇಕು ಎಂಬ ನಿಯಮ ತರಬೇತಿಗೆ ಒಪ್ಪುವಂಥದ್ದು.

ತರಬೇತಿ ನೀಡುವವರು ಖಂಡಿತವಾಗಿ ತಿಳಿದಿರಬೇಕಾದ ಭೇದವೊಂದಿದೆ. ಸ್ಕ್ರೀನ್ ಶೇರ್ ಮೇಲೆ ಬೀಳುವ ಗುರುತು ಅಂಟಿಕೊಳ್ಳುವುದು ಪರದೆಗೆ, ಪಠ್ಯಕ್ಕಲ್ಲ. ಸ್ಲೈಡ್ ಬದಲಾದರೂ ಪುಟ ಮೇಲೆ ಸರಿದರೂ ಗೆರೆ ಇದ್ದಲ್ಲೇ ಉಳಿದು, ಮೊದಲ ಸ್ಲೈಡಿನ ಉತ್ತರ ಎರಡನೆಯ ಸ್ಲೈಡಿನ ಮೇಲೆ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ಸ್ಲೈಡಿನ ಗುರುತುಗಳನ್ನು ಉಳಿಸಿ, ಒರೆಸಿ, ಬಳಿಕವೇ ಮುಂದಕ್ಕೆ ಹೋಗಬೇಕಾಗುತ್ತದೆ. ಅಂಚಿನ ಟಿಪ್ಪಣಿಯ ಸಾಧನಗಳಲ್ಲಾದರೋ ಗುರುತು ಪಠ್ಯಕ್ಕೇ ಅಂಟಿರುತ್ತದೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2017ರ ಫೆಬ್ರವರಿಯಲ್ಲಿ ಅಂಗೀಕರಿಸಿದ ಮಾನದಂಡದ ಪ್ರಕಾರ ಪ್ರತಿ ಟಿಪ್ಪಣಿಯಲ್ಲೂ ಬರೆದ ಮಾತು ಒಂದು ಭಾಗವಾದರೆ ಅದು ಯಾವುದನ್ನು ಕುರಿತದ್ದು ಎಂಬ ಸೂಚನೆ ಇನ್ನೊಂದು ಭಾಗ. ಈ ಸೂಚನೆಯಲ್ಲಿ ಆರಿಸಿದ ಪದಗಳ ಜೊತೆಗೆ ಅವುಗಳ ಹಿಂದಿನ ಮತ್ತು ಮುಂದಿನ ಕೆಲವು ಅಕ್ಷರಗಳನ್ನೂ ಇಟ್ಟುಕೊಳ್ಳಲು ಅವಕಾಶವಿರುವುದರಿಂದ, ಪುಟದ ವಿನ್ಯಾಸ ಬದಲಾದರೂ ಟಿಪ್ಪಣಿಯು ತನ್ನ ಸಾಲನ್ನು ಹುಡುಕಿಕೊಳ್ಳಬಲ್ಲದು.

ಕನ್ನಡ ಪಠ್ಯದ ವಿಷಯದಲ್ಲಿ ಇಲ್ಲೊಂದು ತೊಡಕು ಎದುರಾಗುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳನ್ನು ಹೊತ್ತಿರುವುದರಿಂದ, ಅವುಗಳ ಸಾಲೊಂದನ್ನು ಆರಿಸಿ ಟಿಪ್ಪಣಿ ಬರೆದರೆ ಟಿಪ್ಪಣಿಯಲ್ಲಿ ಉದ್ಧೃತವಾಗುವುದು ಅರ್ಥವಿಲ್ಲದ ಅಕ್ಷರಗಳ ಸರಣಿ. ಸ್ಕ್ಯಾನ್ ಮಾಡಿದ ಸುತ್ತೋಲೆಗಳಲ್ಲಿ ಪಠ್ಯವೇ ಇರುವುದಿಲ್ಲ, ಇರುವುದು ಚಿತ್ರ ಮಾತ್ರ. ಕನ್ನಡದಲ್ಲಿ ತರಬೇತಿ ನಡೆಸುವವರು ಓದಿಗೆ ಕೊಡುವ ಕಡತವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳದಿದ್ದರೆ, ಸಾಧನ ಎಷ್ಟೇ ಉತ್ತಮವಾಗಿದ್ದರೂ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ.

ಗೆರೆ ಎಳೆದ ಮಾತ್ರಕ್ಕೆ ಕಲಿಕೆಯಲ್ಲ

ಕೈ ಆಡಿದ ಮಾತ್ರಕ್ಕೆ ಬುದ್ಧಿಯೂ ಆಡಿತೆಂದು ಹೇಳಲು ಬರುವುದಿಲ್ಲ. ಜಾನ್ ಡನ್ಲೋಸ್ಕಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಕಲಿಕೆಯ ಹತ್ತು ತಂತ್ರಗಳನ್ನು ಕುರಿತ ಸಂಶೋಧನೆಗಳನ್ನು ಪರಾಮರ್ಶಿಸಿದಾಗ, ವಿದ್ಯಾರ್ಥಿಗಳಿಗೆ ಬಲು ಪ್ರಿಯವಾದ ಅಡಿಗೆರೆ ಎಳೆಯುವ ಅಭ್ಯಾಸವು ಕಡಿಮೆ ಉಪಯೋಗದ ತಂತ್ರಗಳ ಸಾಲಿಗೆ ಸೇರಿತು. ನೆನಪಿನಿಂದ ಉತ್ತರಿಸಿ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು ಹೆಚ್ಚು ಉಪಯೋಗದವೆಂದು ಕಂಡುಬಂದವು. ಮಿಶೆಲಿನ್ ಚಿ ಮತ್ತು ರುತ್ ವೈಲಿ 2014ರಲ್ಲಿ ಮಂಡಿಸಿದ ಚೌಕಟ್ಟು ಇದಕ್ಕೊಂದು ವಿವರಣೆ ಒದಗಿಸುತ್ತದೆ. ಅವರ ಪ್ರಕಾರ ಕಲಿಯುವವರ ತೊಡಗುವಿಕೆಗೆ ನಾಲ್ಕು ಮೆಟ್ಟಿಲುಗಳಿವೆ: ಸುಮ್ಮನೆ ಕೇಳುವುದು, ಇರುವುದರ ಮೇಲೆ ಕೈಯಾಡಿಸುವುದು, ಇಲ್ಲದ್ದನ್ನು ತಾವಾಗಿ ರಚಿಸುವುದು, ಇನ್ನೊಬ್ಬರೊಡನೆ ವಾದಿಸುತ್ತ ರಚಿಸುವುದು. ಮೆಟ್ಟಿಲು ಏರಿದಂತೆ ಕಲಿಕೆ ಗಾಢವಾಗುತ್ತದೆ ಎಂಬುದು ಅವರ ಪ್ರತಿಪಾದನೆ.

ಈ ಮೆಟ್ಟಿಲುಗಳಲ್ಲಿ ಇಟ್ಟು ನೋಡಿದರೆ, ಮುಖ್ಯವೆನಿಸಿದ ಪದಗಳಿಗೆ ಗೆರೆ ಎಳೆಯಿರಿ ಎಂಬ ಸೂಚನೆ ಎರಡನೆಯ ಮೆಟ್ಟಿಲಿಗೇ ನಿಂತುಬಿಡುತ್ತದೆ. ಆ ಗೆರೆಗೆ ಕಾರಣ ಬರೆಯಲು ಹೇಳಿದಾಗ ಮೂರನೆಯದಕ್ಕೂ, ಬೇರೆ ಕಡೆ ಗೆರೆ ಎಳೆದವರೊಡನೆ ಅದನ್ನು ಚರ್ಚಿಸಲು ಹೇಳಿದಾಗ ನಾಲ್ಕನೆಯದಕ್ಕೂ ಏರಿದಂತಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ರೂಢಿಗೆ ತಂದ ಸಹಪಾಠಿ ಬೋಧನೆಯ ಕ್ರಮ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಮೊದಲು ಪ್ರಶ್ನೆ, ಬಳಿಕ ಪ್ರತಿಯೊಬ್ಬರ ಸ್ವಂತ ಉತ್ತರ, ಬಳಿಕ ಬೇರೆ ಉತ್ತರ ಕೊಟ್ಟವರೊಡನೆ ಮಾತುಕತೆ, ಕೊನೆಗೆ ಮರು ಉತ್ತರ. ಅಂಚಿನ ಟಿಪ್ಪಣಿಯ ಮೂಲಕ ವಿದ್ಯಾರ್ಥಿಗಳನ್ನು ತರಗತಿಗೆ ಮುಂಚೆಯೇ ಓದಿಗೆ ಹಚ್ಚುವ ಪೆರೂಸಾಲ್ ಹುಟ್ಟಿಕೊಂಡದ್ದು ಮಜೂರ್ ಅವರೂ ಸೇರಿದ್ದ ಹಾರ್ವರ್ಡ್‌ನ ತಂಡದಿಂದಲೇ. ಒಟ್ಟಾರೆ ತಾತ್ಪರ್ಯವೆಂದರೆ, ಗುರುತು ಚರ್ಚೆಯ ಆರಂಭ. ಎರಡು ಗುರುತುಗಳ ನಡುವಿನ ಭಿನ್ನತೆಯನ್ನು ಮಾತಿಗೆ ಎಳೆದಾಗಲೇ ತರಬೇತಿ ಸಂವಾದವಾಗುತ್ತದೆ.

ಪಹಣಿ, ಸಂಖ್ಯಾರೇಖೆ, ಕಾನೂನಿನ ಸಾಲು

ಉತ್ತರಕ್ಕೆ ಪುಟದ ಮೇಲೆ ಒಂದು ನೆಲೆ ಇರುವಂತಹ ಪ್ರಶ್ನೆಯನ್ನು ರೂಪಿಸುವುದು ಈ ಸಾಧನದ ಬಳಕೆಯ ಮೂಲಸೂತ್ರ. ಸಹಕಾರ ಸಂಘದ ಹೊಸ ಸಿಬ್ಬಂದಿಗೆ ಪಹಣಿ ಓದುವುದನ್ನು ಕಲಿಸುವ ಆನ್‌ಲೈನ್ ತರಬೇತಿಯನ್ನು ಉದಾಹರಣೆಯಾಗಿ ಊಹಿಸಬಹುದು. ಪಹಣಿಯ 9ನೇ ಕಾಲಂ ಸ್ವಾಧೀನದಾರರ ಹೆಸರನ್ನೂ, 10ನೇ ಕಾಲಂ ಸ್ವಾಧೀನತೆ ಬಂದ ರೀತಿಯನ್ನೂ, 11ನೇ ಕಾಲಂ ಇತರ ಹಕ್ಕುಗಳು ಮತ್ತು ಋಣಗಳನ್ನೂ, 12ನೇ ಕಾಲಂ ಸಾಗುವಳಿಯ ವಿವರವನ್ನೂ ತಿಳಿಸುತ್ತವೆ ಎಂದು ಓದಿ ಹೇಳಿದರೆ ಕೇಳಿದವರಿಗೆಲ್ಲ ಅರ್ಥವಾದಂತೆಯೇ ತೋರುತ್ತದೆ. ಅದರ ಬದಲು ಮಾದರಿ ಪಹಣಿಯೊಂದನ್ನು ಪರದೆಯ ಮೇಲಿಟ್ಟು, ಈ ಜಮೀನಿನ ಮೇಲೆ ಈಗಾಗಲೇ ಸಾಲವಿದೆಯೇ ಎಂದು ತಿಳಿಯಲು ಮೊದಲು ಎಲ್ಲಿ ನೋಡಬೇಕೋ ಅಲ್ಲಿ ಮುದ್ರೆ ಒತ್ತಿ ಎಂದಾಗ ಮುದ್ರೆಗಳು ಚದುರುತ್ತವೆ. ಮುದ್ರೆ 9ರ ಮೇಲೆ ಬಿದ್ದರೆ ಒಡೆತನವನ್ನೂ ಋಣವನ್ನೂ ಒಂದಾಗಿ ಎಣಿಸಿದ್ದಾರೆಂದೂ, 12ರ ಮೇಲೆ ಬಿದ್ದರೆ ಬೆಳೆಸಾಲದ ನೆನಪು ಬೆಳೆಯ ಕಾಲಂ ಕಡೆಗೆ ಎಳೆದಿದೆಯೆಂದೂ ಬೋಧಿಸುವವರು ಊಹಿಸಬಲ್ಲರು. ತಪ್ಪಿದವರ ಹೆಸರು ಹೇಳದೆಯೇ ಆ ತಪ್ಪಿನ ಕಾರಣವನ್ನು ಚರ್ಚೆಗೆ ತರಬಲ್ಲರು.

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಲ್ಲಿ ಇದೇ ಸೂತ್ರ ಬೇರೆ ರೂಪ ತಾಳುತ್ತದೆ. ಸೊನ್ನೆಯಿಂದ ಒಂದರವರೆಗಿನ ಸಂಖ್ಯಾರೇಖೆಯನ್ನು ತೋರಿಸಿ, ಮೂರನೇ ಒಂದು ಮತ್ತು ಐದನೇ ಒಂದು ಎಂಬ ಭಿನ್ನರಾಶಿಗಳನ್ನು ಆಗತಾನೇ ಭಿನ್ನರಾಶಿ ಕಲಿಯುತ್ತಿರುವ ಮಗು ಎಲ್ಲಿ ಗುರುತಿಸಬಹುದು ಎಂದು ಕೇಳಬಹುದು. ಐದು ಮೂರಕ್ಕಿಂತ ದೊಡ್ಡದಾದ್ದರಿಂದ ಐದನೇ ಒಂದೂ ದೊಡ್ಡದೆಂದು ಮಕ್ಕಳು ಭಾವಿಸುವುದು ಗಣಿತ ಶಿಕ್ಷಣದಲ್ಲಿ ಸುಪರಿಚಿತವಾದ ತಪ್ಪು. ಶಿಕ್ಷಕರು ಸರಿಯುತ್ತರವನ್ನು ಒಂದು ಬಣ್ಣದಲ್ಲೂ ಮಗುವಿನ ಸಂಭವನೀಯ ಉತ್ತರವನ್ನು ಇನ್ನೊಂದು ಬಣ್ಣದಲ್ಲೂ ಗುರುತಿಸಿದಾಗ, ಎರಡರ ನಡುವಿನ ದೂರವೇ ಮುಂದಿನ ಪಾಠದ ವಸ್ತುವಾಗುತ್ತದೆ.

ಉದ್ದನೆಯ ಪಠ್ಯವಿದ್ದಾಗ ಅಂಚಿನ ಟಿಪ್ಪಣಿಗೆ ಹೆಚ್ಚು ಕೆಲಸ. 2005ರ ಮಾಹಿತಿ ಹಕ್ಕು ಅಧಿನಿಯಮದ 7ನೇ ಪ್ರಕರಣವು ಅರ್ಜಿ ಸ್ವೀಕರಿಸಿದ 30 ದಿನಗಳೊಳಗೆ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ, ಉತ್ತರಿಸಬೇಕೆಂದು ವಿಧಿಸುತ್ತದೆ. ಬಹುತೇಕ ಓದುಗರು ಈ ಎರಡು ಅಂಕಿಗಳಲ್ಲಿಗೇ ನಿಲ್ಲುತ್ತಾರೆ. ಹೆಚ್ಚುವರಿ ಶುಲ್ಕ ಕೇಳಿ ಪತ್ರ ಕಳುಹಿಸಿದ ದಿನದಿಂದ ಅರ್ಜಿದಾರರು ಶುಲ್ಕ ಪಾವತಿಸುವವರೆಗಿನ ಅವಧಿಯನ್ನು 30 ದಿನಗಳ ಲೆಕ್ಕದಿಂದ ಬಿಡಬೇಕೆಂಬ ಮಾತು ಅದೇ ಪ್ರಕರಣದ ಮುಂದಿನ ಉಪಪ್ರಕರಣವೊಂದರಲ್ಲಿದೆ. ದಿನಗಳ ಎಣಿಕೆ ಯಾವ ಪದದಿಂದ ಆರಂಭವಾಗುತ್ತದೆ, ಯಾವ ಪದದ ಬಳಿ ತಡೆಯುತ್ತದೆ, ಎಲ್ಲಿ ಮತ್ತೆ ಹೊರಡುತ್ತದೆ ಎಂದು ಗುರುತಿಸಿ ಕಾರಣ ಬರೆಯಿರಿ ಎಂಬ ಕೆಲಸವನ್ನು ಅಧಿವೇಶನಕ್ಕೆ ಎರಡು ದಿನ ಮುಂಚೆ ಕೊಟ್ಟರೆ, ಶಿಬಿರಾರ್ಥಿಗಳು ಕಾನೂನನ್ನು ಕೇಳಿ ತಿಳಿಯುವ ಬದಲು ಓದಿ ತಿಳಿಯುತ್ತಾರೆ. ಸಂಪನ್ಮೂಲ ವ್ಯಕ್ತಿಯೂ ಟಿಪ್ಪಣಿಗಳನ್ನು ಮೊದಲೇ ನೋಡಿ, ಎಲ್ಲರಿಗೂ ಸ್ಪಷ್ಟವಾಗಿರುವುದನ್ನು ಕೈಬಿಟ್ಟು, ತೊಡಕಾದ ಸಾಲಿಗೇ ಅವಧಿಯನ್ನು ಮೀಸಲಿಡಬಹುದು.

ಎಚ್ಚರ ಮತ್ತು ಶಿಸ್ತು

ಎಲ್ಲರಿಗೂ ಪುಟವನ್ನು ಬಿಟ್ಟುಕೊಡುವುದರಲ್ಲಿ ಅಪಾಯವೂ ಇದೆ. 2020ರ ಮಾರ್ಚ್ ವೇಳೆಗೆ ತರಗತಿಗಳು ಏಕಾಏಕಿ ಆನ್‌ಲೈನ್ ಆದಾಗ ಆಹ್ವಾನವಿಲ್ಲದ ಅಪರಿಚಿತರು ಜೂಮ್ ಸಭೆಗಳಿಗೆ ನುಗ್ಗಿ ಅಶ್ಲೀಲ ಚಿತ್ರ ಮತ್ತು ಬರಹಗಳಿಂದ ಸಭೆ ಕೆಡಿಸಿದ ಪ್ರಕರಣಗಳು ಎಷ್ಟು ಹೆಚ್ಚಿದವೆಂದರೆ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ನೀಡಬೇಕಾಯಿತು. ಪಾಸ್‌ವರ್ಡ್, ಒಳಬರುವ ಮುನ್ನ ಕಾಯಿಸುವ ವೇಟಿಂಗ್ ರೂಮ್, ಪ್ರಶ್ನೆ ಕೇಳಿದ ಹೊತ್ತಿಗಷ್ಟೇ ಗುರುತಿನ ಅನುಮತಿ ತೆರೆದು ಮತ್ತೆ ಮುಚ್ಚುವುದು, ಗುರುತು ಮಾಡಿದವರ ಹೆಸರು ತೋರಿಸುವ ಆಯ್ಕೆ ಇವು ಸಾಕಷ್ಟು ರಕ್ಷಣೆ ಕೊಡುತ್ತವೆ. ಹೆಸರು ಕಾಣಬೇಕೇ ಬೇಡವೇ ಎಂಬುದು ಮಾತ್ರ ಸಂದರ್ಭವನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಮೇಲಧಿಕಾರಿಯೂ ಕಿರಿಯ ನೌಕರರೂ ಒಂದೇ ತರಬೇತಿಯಲ್ಲಿರುವಾಗ ಹೆಸರಿಲ್ಲದ ಗುರುತು ಕಿರಿಯರಿಗೆ ಧೈರ್ಯ ಕೊಡುತ್ತದೆ.

ಮುಂಚೆ ಬಿದ್ದ ಗುರುತು ಬಳಿಕದವುಗಳನ್ನು ತನ್ನತ್ತ ಸೆಳೆಯುವುದು ಇನ್ನೊಂದು ತೊಂದರೆ. ಉತ್ತರ ಗೊತ್ತಿಲ್ಲದವರು ಹೆಚ್ಚು ಮುದ್ರೆಗಳಿರುವ ಕಡೆಗೇ ತಮ್ಮದನ್ನೂ ಒತ್ತಿದರೆ ಪರದೆಯ ಮೇಲೆ ಕಾಣುವ ಒಮ್ಮತ ಹುಸಿಯಾಗುತ್ತದೆ. ಮೊದಲು ಕಾಗದದ ಮೇಲೆ ಉತ್ತರ ಬರೆದುಕೊಳ್ಳಲು ಹೇಳಿ, ಬಳಿಕ ಸೂಚನೆ ಕೊಟ್ಟೊಡನೆ ಎಲ್ಲರೂ ಒಟ್ಟಿಗೆ ಗುರುತಿಸುವಂತೆ ಮಾಡುವುದು ಇದಕ್ಕೆ ಸರಳ ಪರಿಹಾರ. ಶಿಬಿರಾರ್ಥಿಗಳ ಸಂಖ್ಯೆ ದೊಡ್ಡದಾಗಿದ್ದರೆ ಪರದೆ ಗೀಚುಹಾಳೆಯಾಗುವುದನ್ನು ತಪ್ಪಿಸಲು ಪುಟವನ್ನು ಚೌಕಗಳಾಗಿ ವಿಭಾಗಿಸಿ ಗುಂಪಿಗೊಂದು ಚೌಕ ಕೊಡಬಹುದು, ಅಥವಾ ಬ್ರೇಕ್‌ಔಟ್ ರೂಮ್‌ಗಳಲ್ಲಿ ಸಣ್ಣ ಗುಂಪುಗಳಾಗಿ ಕೂರಿಸಬಹುದು. ಮೊಬೈಲ್‌ನಿಂದ ಸೇರಿದವರಿಗೆ ಬೆರಳಿನಲ್ಲಿ ಕನ್ನಡ ಅಕ್ಷರ ಬರೆಯುವುದು ಕಷ್ಟವಾದ್ದರಿಂದ ಮುದ್ರೆ ಒತ್ತಿ ಉತ್ತರಿಸಬಹುದಾದ ಪ್ರಶ್ನೆಯೇ ಅವರನ್ನು ಒಳಗೊಳ್ಳುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಪರದೆಯ ಗೆರೆಗಳನ್ನು ಓದಲಾರದು, ಬಣ್ಣಗಳ ಭೇದ ಎಲ್ಲರಿಗೂ ಕಾಣುವುದಿಲ್ಲ. ಆದ್ದರಿಂದ ಬಣ್ಣದ ಜೊತೆಗೆ ಆಕಾರವನ್ನೂ ಬದಲಿಸುವುದು ಮತ್ತು ಗುರುತುಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದನ್ನು ಬಾಯಿಬಿಟ್ಟು ಹೇಳುವುದು ಸಂಪನ್ಮೂಲ ವ್ಯಕ್ತಿಯ ಹೊಣೆ.

ಸಾಧನದ ಆಯ್ಕೆಗಿಂತ ಅದರಲ್ಲಿ ಮೂಡಿದ್ದನ್ನು ಉಳಿಸಿಕೊಳ್ಳುವುದು ಮುಖ್ಯವೆಂಬುದಕ್ಕೆ ಗೂಗಲ್ ಜಾಮ್‌ಬೋರ್ಡ್ ಸಾಕ್ಷಿಯಾಗಿದೆ. ಕೋವಿಡ್ ಕಾಲದ ತರಗತಿಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಆ ವೈಟ್‌ಬೋರ್ಡ್ ಸೇವೆಯನ್ನು ಕಂಪನಿಯು 2024ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. ಅದಕ್ಕೆ ಮುಂಚೆ ತಮ್ಮ ಹಲಗೆಗಳನ್ನು ಪಿಡಿಎಫ್ ಆಗಿಯೋ ಬೇರೆ ರೂಪದಲ್ಲೋ ಇಳಿಸಿಕೊಳ್ಳುವಂತೆ ಬಳಕೆದಾರರಿಗೆ ಸೂಚಿಸಲಾಗಿತ್ತು. ಪ್ರತಿ ಅಧಿವೇಶನದ ಗುರುತುಗಳನ್ನು ಚಿತ್ರವಾಗಿ ಉಳಿಸಿ ದಿನಾಂಕದೊಡನೆ ಇಟ್ಟುಕೊಂಡರೆ, ಮುಂದಿನ ತಂಡಕ್ಕೆ ಬೋಧಿಸುವಾಗ ಯಾವ ಕಾಲಂನಲ್ಲಿ, ಯಾವ ಸಾಲಿನಲ್ಲಿ ಜನ ಎಡವುತ್ತಾರೆ ಎಂಬುದು ಮೊದಲೇ ತಿಳಿದಿರುತ್ತದೆ. ಹಾಜರಾತಿ ಪಟ್ಟಿಯಿಂದಾಗಲಿ ತರಬೇತಿ ಮುಗಿದ ಮೇಲೆ ತುಂಬಿಸಿಕೊಳ್ಳುವ ಅಭಿಪ್ರಾಯ ನಮೂನೆಯಿಂದಾಗಲಿ ಈ ತಿಳಿವಳಿಕೆ ದೊರೆಯುವುದಿಲ್ಲ. ಒಂದು ಗಂಟೆಯ ಅವಧಿಗೆ ನೆಲೆಯುಳ್ಳ ಮೂರು ಪ್ರಶ್ನೆಗಳನ್ನು ಮೊದಲೇ ಯೋಚಿಸಿ ಸಿದ್ಧಪಡಿಸುವ ಸಂಪನ್ಮೂಲ ವ್ಯಕ್ತಿಗೆ ಯಾವ ಕಂಪನಿಯ ತಂತ್ರಾಂಶವಾದರೂ ಸಾಕಾಗುತ್ತದೆ. ಅಂತಹ ಪ್ರಶ್ನೆಯಿಲ್ಲದ ಕಡೆ ಎಷ್ಟು ಬಣ್ಣದ ಪೆನ್ನುಗಳನ್ನು ಒದಗಿಸಿದರೂ ಶಿಬಿರಾರ್ಥಿಗಳು ನೋಡುಗರಾಗಿಯೇ ಉಳಿಯುತ್ತಾರೆ.